ಬಡ ಮಕ್ಕಳಿಗೆ ಮಾತ್ರ ಶಾಲೆಯಲ್ಲಿ ಊಟ ಕೊಟ್ಟರೆ ಸಾಕಲ್ವಾ?

ಅನುಕೂಲ ಇರುವವರ ಮಕ್ಕಳ ಊಟಕ್ಕೂ ಸರ್ಕಾರ ಯಾಕೆ ದುಡ್ಡು ಹಾಕಬೇಕು, ಇಲ್ಲದವರಿಗೆ ಮಾತ್ರ ಕೊಟ್ಟರೆ ಸಾಲದಾ ಅಂತ ಕೇಳಿದ್ದೀರಿ. ಪಾಠ ಮಾಡೋಕೆ ಸೇರಿದ ಹೊಸದರಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಈಗ ಅಲ್ಲ.

ನಾನಿದ್ದ ಶಾಲೆಯಲ್ಲಿ ಪುಕ್ಕಟೆ ಊಟದ ಮಕ್ಕಳಿಗೆ ಬೇರೆ ಬಣ್ಣದ ಚೀಟಿ ಕೊಡುತ್ತಿದ್ದರು. ಒಬ್ಬ ಹುಡುಗಿ ಅದನ್ನು ಚಿಕ್ಕದಾಗಿ ಮಡಚಿ ಮುಷ್ಟಿಯಲ್ಲಿಟ್ಟುಕೊಂಡು ಸಾಲಿನ ಕೊನೆಗೆ ನಿಲ್ಲುತ್ತಿದ್ದಳು, ಹಿಂದೆ ಯಾರಾದರೂ ಬಂದು ನಿಂತರೆ ಸಾಲು ಬಿಟ್ಟು ನಲ್ಲಿ ಹತ್ತಿರ ಹೋಗಿ ನೀರು ಕುಡಿದು ಕ್ಲಾಸಿಗೆ ಬಂದುಬಿಡುತ್ತಿದ್ದಳು. ಕೇಳಿದರೆ "ಹಸಿವಿಲ್ಲ ಮಿಸ್" ಅನ್ನೋಳು. ಮಧ್ಯಾಹ್ನದ ಮೊದಲ ಪೀರಿಯಡ್ಡಿನಲ್ಲಿ ಡೆಸ್ಕಿನ ಮೇಲೆ ತಲೆ ಇಟ್ಟಿರುತ್ತಿದ್ದಳು. ಅವಳ ಹೆಸರಿನಲ್ಲಿ ದುಡ್ಡು ಮಂಜೂರಾಗಿತ್ತು. ಊಟ ಮಾತ್ರ ಅವಳ ಹೊಟ್ಟೆ ಸೇರಲಿಲ್ಲ.

ಇನ್ನು ಅರ್ಜಿಯ ಕಾಟ. ಆದಾಯದ ಕಾಗದ ಹೊಂದಿಸೋಕೆ ಆಗದ ಮನೆಗಳೇ ತೀರಾ ಕಷ್ಟದಲ್ಲಿರುತ್ತವೆ. ಆದಾಯದ ಮಿತಿಗಿಂತ ಚೂರೇ ಚೂರು ಮೇಲಿದ್ದವರ ಕಥೆಯೂ ಅಷ್ಟೇ. ಅಮೆರಿಕದಲ್ಲಿ 1946ರಲ್ಲೇ ಶಾಲಾ ಊಟದ ಕಾನೂನು ಬಂತು. ಅಲ್ಲಿ ಈಗ ಮನೆಯ ಆದಾಯ ಬಡತನದ ಗೆರೆಯ ಶೇಕಡಾ 130ರ ಒಳಗಿದ್ದರೆ ಊಟ ಉಚಿತ, 185ರವರೆಗೆ ರಿಯಾಯಿತಿ, ಅದಕ್ಕೂ ಮೇಲಾದರೆ ಪೂರ್ತಿ ದುಡ್ಡು ಕೊಡಬೇಕು. ಆದರೆ ಬಡ ಮಕ್ಕಳು ಜಾಸ್ತಿ ಇರುವ ಶಾಲೆಗಳು ಮನೆ ಮನೆಯ ಅರ್ಜಿ ಬಿಟ್ಟು ಎಲ್ಲರಿಗೂ ಉಚಿತವಾಗಿ ಬಡಿಸಬಹುದು ಅಂತ ಅವರೇ ದಾರಿ ಮಾಡಿಕೊಟ್ಟರು, ಅದಕ್ಕೆ ಶಾಲೆಯಲ್ಲಿ ಅಂಥ ಮಕ್ಕಳು ಕನಿಷ್ಠ ಎಷ್ಟಿರಬೇಕು ಅನ್ನೋ ಮಿತಿಯನ್ನು 2023ರಲ್ಲಿ ಶೇಕಡಾ 40ರಿಂದ 25ಕ್ಕೆ ಇಳಿಸಿದರು. ಫಿನ್ಲೆಂಡ್ 1943ರಲ್ಲೇ ಕಾನೂನು ಮಾಡಿ 1948ರಿಂದ ಎಲ್ಲ ಮಕ್ಕಳಿಗೂ ಊಟ ಕೊಡುತ್ತಿದೆ. ಯುದ್ಧದಿಂದ ಸೋತು ಸುಣ್ಣವಾಗಿದ್ದ ದೇಶ ಅದು! ಭಾರತದಲ್ಲೂ 2001ರಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕು ಅಂತ ಹೇಳಿದಾಗ, ಮಕ್ಕಳಲ್ಲಿ ಬಡವರು ಯಾರು ಅಂತ ಆರಿಸಿ ಕೊಡಿ ಅನ್ನಲಿಲ್ಲ.

ಎಲ್ಲರಿಗೂ ಕೊಟ್ಟರೆ ಖರ್ಚು ಜಾಸ್ತಿ, ನಿಜ. ಆದರೆ ಒಲೆ, ಪಾತ್ರೆ, ಅಡುಗೆಯವರ ಸಂಬಳ ಐವತ್ತು ಮಕ್ಕಳಿಗೂ ಬೇಕು, ನೂರು ಮಕ್ಕಳಿಗೂ ಬೇಕು, ಮಕ್ಕಳು ಎರಡರಷ್ಟಾದರೆ ಖರ್ಚೂ ಎರಡರಷ್ಟಾಗಲ್ಲ. ಚೀಟಿ, ಅರ್ಜಿ, ತಪಾಸಣೆಯ ಖರ್ಚೂ ಉಳಿಯುತ್ತೆ.

ನನಗೆ ಜಾಸ್ತಿ ಸಿಟ್ಟು ಬರೋದು ಬೇರೆ ವಿಷಯಕ್ಕೆ. ಒಂದು ಊಟಕ್ಕೆ ಇಷ್ಟು ಅಂತ ಒಮ್ಮೆ ದರ ಕಟ್ಟಿ ಸುಮ್ನೆ ಕೂತುಬಿಡುತ್ತಾರೆ. ಪೇಟೆಯಲ್ಲಿ ಬೆಲೆ ಏರುತ್ತೆ, ದರ ಮಾತ್ರ ಅಲ್ಲೇ ಇರುತ್ತೆ. ಆಗ ಯಾರೂ ಊಟ ನಿಲ್ಲಿಸಲ್ಲ, ಸೌಟು ಚಿಕ್ಕದಾಗುತ್ತೆ, ಸಾರು ನೀರಾಗುತ್ತೆ. ಕಾಗದದಲ್ಲಿ ಮಾತ್ರ ಊಟದ ಸಂಖ್ಯೆ ಹಾಗೇ ಇರುತ್ತೆ. ದುಡ್ಡು ತಡವಾಗಿ ಬಂದರಂತೂ ಮುಖ್ಯೋಪಾಧ್ಯಾಯರು ಕಡ ತಂದು ಒಲೆ ಹಚ್ಚಿಸಬೇಕು. ಹಾಗಾಗಿ ಯಾವುದೇ ಸರ್ಕಾರ ಇಷ್ಟು ಮಕ್ಕಳಿಗೆ ಊಟ ಕೊಟ್ಟೆವು ಅಂದರೆ, ಒಂದು ತಟ್ಟೆಗೆ ಎಷ್ಟು ಕೊಡುತ್ತೀರಿ, ಆ ದರವನ್ನು ಕೊನೆಯ ಸಲ ಯಾವಾಗ ಏರಿಸಿದಿರಿ ಅಂತ ಕೇಳಿ.