ಹುಬ್ಬಳ್ಳಿ-ಧಾರವಾಡದ ಸುತ್ತ ಡಾಂಬರು ಬಿಟ್ಟು ಸೈಕಲ್ ಹೊಡೆಯಲು ಎಲ್ಲಿಗೆ ಹೋಗಬೇಕು?

ನೀವು ಕೇಳಿದ್ದು ಇಷ್ಟು: ಡಿಸೆಂಬರ್‌ನಲ್ಲಿ ಕೆಲಸದ ಮೇಲೆ ಹುಬ್ಬಳ್ಳಿಗೆ ಬರುತ್ತೀರಿ, ಗ್ರಾವೆಲ್ ಸೈಕಲ್ (ಮಣ್ಣು, ಗರಸಿನ ದಾರಿಗೂ ಒಗ್ಗುವ ಅಗಲ ಟೈರಿನ ಸೈಕಲ್) ಜೊತೆಗಿರುತ್ತದೆ. ಕಾಲುವೆ, ಹೊಲ, ಕಾಡು ಸಿಗುವ ಮಣ್ಣಿನ ದಾರಿ ಬೇಕು. ಮ್ಯಾಪಿನಲ್ಲಿ ನೂರೆಂಟು ಗೆರೆ ಕಾಣುತ್ತಿವೆ, ಯಾವುದನ್ನು ನಂಬುವುದು?

ಗೆರೆ ಆಮೇಲೆ, ಮೊದಲು ಮಣ್ಣು ನೋಡಿ. ಧಾರವಾಡದಿಂದ ಪಶ್ಚಿಮಕ್ಕೆ, ಅಂದರೆ ಅಳ್ನಾವರ, ಕಲಘಟಗಿ ಕಡೆ ಹೋದರೆ ಕೆಂಪು ಮಸಾರಿ. ಅದು ಮಲ್ಲಾಡ. ಹುಬ್ಬಳ್ಳಿಯಿಂದ ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ, ನರಗುಂದದ ಕಡೆ ಕಪ್ಪು ಎರೆ. ಅದು ಬೆಳವಲ. ಅವಳಿ ನಗರ ಇವೆರಡರ ನಡುವೆ ಕೂತಿದೆ. ಮಸಾರಿ ದಾರಿಗೆ ಮಳೆ ಬಿದ್ದರೂ ಅರ್ಧ ದಿನ ಬಿಸಿಲು ಸಾಕು, ಸೈಕಲ್ ಓಡುತ್ತದೆ. ಎರೆ ಹಾಗಲ್ಲ. ಒಂದು ಒಳ್ಳೆಯ ಮಳೆ ಬಿದ್ದರೆ ಹೋಳಿಗೆ ಕಣಕದ ಹಾಗೆ ಅಂಟುತ್ತದೆ. ಟೈರಿಗೆ ಹತ್ತಿದ ಮಣ್ಣು ಗಾಲಿ ಹಿಡಿದಿರುವ ಫೋರ್ಕಿನ ಸಂದಿಯಲ್ಲಿ ತುಂಬಿ ಗಾಲಿ ತಿರುಗುವುದೇ ನಿಲ್ಲುತ್ತದೆ. ಕಡ್ಡಿ ಹಿಡಿದು ಕೆರೆಯಬೇಕು, ನಾಲ್ಕು ಹೆಜ್ಜೆ ಹೋಗಬೇಕು, ಮತ್ತೆ ಕೆರೆಯಬೇಕು. ತಳ್ಳುವುದಕ್ಕೂ ಬರುವುದಿಲ್ಲ, ಹೆಗಲ ಮೇಲೆ ಹೊತ್ತುಕೊಂಡೇ ಡಾಂಬರು ಮುಟ್ಟಬೇಕು. ಮಾರನೇ ದಿನ ಮೇಲ್ಪದರ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಹಸಿ ಇರುತ್ತದೆ. ಎರಡು ಮೂರು ದಿನ ಬಿಸಿಲು ಬಿದ್ದ ಮೇಲೆ ಹೋಗುವುದೇ ಲೇಸು.

ಡಿಸೆಂಬರ್ ಅಂದಿರಲ್ಲ, ಬೆಳವಲಕ್ಕೆ ಅದೇ ಸರಿಯಾದ ಕಾಲ. ಹೊಲದಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬಿ, ಗೋಧಿ ನಿಂತಿರುತ್ತವೆ. ದಾರಿ ಗಟ್ಟಿಯಾಗಿರುತ್ತದೆ. ಬೇಸಿಗೆಯಲ್ಲಿ ಬಂದರೆ ಅದೇ ಎರೆ ಬಿರುಕು ಬಿಟ್ಟಿರುತ್ತದೆ, ಮುಂದಿನ ಗಾಲಿ ಸಿಕ್ಕಿಕೊಳ್ಳುವಷ್ಟು ಅಗಲ. ನೆರಳಂತೂ ಕೇಳಲೇ ಬೇಡಿ.

ಕಾಲುವೆ ಬೇಕು ಅಂದರೆ ಮಲಪ್ರಭಾ ಬಲದಂಡೆ ಕಾಲುವೆ. ಸವದತ್ತಿ ತಾಲ್ಲೂಕಿನ ನವಿಲುತೀರ್ಥದ ಅಣೆಕಟ್ಟೆಯಿಂದ ಹೊರಟು ನವಲಗುಂದ, ನರಗುಂದದ ಕಡೆ ಬರುತ್ತದೆ. ಹುಬ್ಬಳ್ಳಿಯಿಂದ ಕುಸುಗಲ್ ದಾಟಿ ನವಲಗುಂದಕ್ಕೆ ಸುಮಾರು 40 ಕಿ.ಮೀ. ಹೆದ್ದಾರಿಯಲ್ಲಿ ಲಾರಿ ಜಾಸ್ತಿ, ಅಲ್ಲಿಯವರೆಗೆ ಗಾಡಿಯಲ್ಲಿ ಸೈಕಲ್ ಹಾಕಿಕೊಂಡು ಹೋದರೆ ತಪ್ಪೇನಿಲ್ಲ. ಕಾಲುವೆಯ ಏರಿ ಮೇಲೆ ನೀರಾವರಿ ಇಲಾಖೆಯ ಜೀಪು ಓಡಾಡಲು ಮಾಡಿದ ಗರಸಿನ ರಸ್ತೆ ಇದೆ. ಎಲ್ಲಾ ಕಡೆ ಒಂದೇ ಸಮ ಇಲ್ಲ. ಕೆಲವು ಕಡೆ ಗರಸು ಗಟ್ಟಿಯಾಗಿ ಕೂತು ಸೈಕಲ್ ತಾನಾಗಿ ಓಡುತ್ತದೆ. ಇನ್ನು ಕೆಲವು ಕಡೆ ಎರಡೂ ಬದಿಯ ಬಳ್ಳಾರಿ ಜಾಲಿ ದಾರಿಯನ್ನೇ ನುಂಗಿರುತ್ತದೆ. ಹಳ್ಳ ಅಡ್ಡ ಬಂದಲ್ಲಿ ಕಾಲುವೆ ಮೇಲಿಂದ ದಾಟಿ ಹೋಗುತ್ತದೆ, ರಸ್ತೆ ಮಾತ್ರ ಅಲ್ಲಿಗೇ ಮುಗಿಯುತ್ತದೆ. ನೀವು ಕೆಳಗಿಳಿದು ಹಳ್ಳ ದಾಟಿ ಆಚೆ ಏರಿ ಹತ್ತಬೇಕು. ಮ್ಯಾಪಿನಲ್ಲಿ ಇದು ಯಾವುದೂ ಕಾಣುವುದಿಲ್ಲ.

ಇನ್ನೊಂದು ಮಾತು. ಮುಖ್ಯ ಕಾಲುವೆ ಬಿಟ್ಟು ಹಂಚುಗಾಲುವೆಯ ಪಕ್ಕದ ದಾರಿ ಹಿಡಿದರೆ ಅದು ಕೊನೆಗೆ ಯಾರದೋ ಹೊಲದಲ್ಲಿ ನಿಲ್ಲುತ್ತದೆ. ಅಲ್ಲಿಂದ ಬದುವಿನ ಮೇಲೆ ಹಾದು ಹೋಗೋಣ ಅನ್ನಿಸುತ್ತದೆ. ಬೇಡ. ಬದು ಒಡೆದರೆ ರೈತನಿಗೆ ಕೆಲಸ. ಬಂದ ದಾರಿಯಲ್ಲೇ ತಿರುಗಿ.

ಕಾಲುವೆಗೆ ನೀರು ಬಿಟ್ಟ ದಿನಗಳಲ್ಲಿ ಏರಿ ಮೇಲೆ ಬೇರೆಯೇ ಗದ್ದಲ. ಪಂಪು ಇಟ್ಟು ರಸ್ತೆಗೆ ಅಡ್ಡಲಾಗಿ ಪೈಪು ಹಾಸಿರುತ್ತಾರೆ. ಅದರ ಮೇಲೆ ಮಣ್ಣು ಎಳೆದು ಸಣ್ಣ ದಿಬ್ಬ ಮಾಡಿರುತ್ತಾರೆ, ಜೋರಾಗಿ ಬಂದರೆ ಎತ್ತಿ ಹಾಕುತ್ತದೆ. ಇಳಿದು ದಾಟಿ. ಬಾಟಲಿ ತುಂಬಿಸಿಕೊಳ್ಳಲು ಕಾಲುವೆಗೆ ಮಾತ್ರ ಇಳಿಯಬೇಡಿ. ಇಳಿಜಾರಿನ ಕಾಂಕ್ರೀಟಿಗೆ ಪಾಚಿ ಕಟ್ಟಿರುತ್ತದೆ, ಕಾಲು ಜಾರಿದರೆ ಹಿಡಿಯಲು ಏನೂ ಸಿಗುವುದಿಲ್ಲ.

ಈ ಕಾಲುವೆ ಬರೀ ನೀರಿನ ದಾರಿ ಅಂದುಕೊಳ್ಳಬೇಡಿ. 1980ರಲ್ಲಿ ಇದೇ ನವಲಗುಂದ, ನರಗುಂದದ ರೈತರು ಸರ್ಕಾರ ಹಾಕಿದ ಅಭಿವೃದ್ಧಿ ಕರದ ವಿರುದ್ಧ ಎದ್ದರು. ನೀರು ಮುಟ್ಟದ ಹೊಲಕ್ಕೂ ಕರ ಕಟ್ಟು ಅಂದರೆ ಯಾರು ಸುಮ್ನಿರ್ತಾರೆ? ಜುಲೈ 21ರಂದು ಗೋಲಿಬಾರ್ ಆಯಿತು. ಆ ದಿನವನ್ನು ಇಂದಿಗೂ ರೈತ ಹುತಾತ್ಮ ದಿನ ಅಂತ ಆಚರಿಸುತ್ತಾರೆ. ಆಮೇಲೆ ಮಹದಾಯಿ ಕಣಿವೆಯ ನೀರನ್ನು ಮಲಪ್ರಭೆಗೆ ತಿರುಗಿಸಿ ಅನ್ನುವ ಕಳಸಾ-ಬಂಡೂರಿ ಹೋರಾಟವೂ ಇಲ್ಲೇ ಗಟ್ಟಿಯಾಯಿತು. ಏರಿ ಮೇಲೆ ಕೂತ ಹಿರಿಯರ ಹತ್ತಿರ ನೀರಿನ ಮಾತು ತೆಗೆದರೆ ನಿಮ್ಮ ಸವಾರಿ ಒಂದು ತಾಸು ತಡವಾಗುತ್ತದೆ. ನಷ್ಟವೇನಿಲ್ಲ.

ಬೆಳವಲದಲ್ಲಿ ದಾರಿ ತಪ್ಪಿದರೆ ಗುಡ್ಡ ಹುಡುಕಿ. ಇಷ್ಟು ಸಪಾಟು ನೆಲದಲ್ಲಿ ನರಗುಂದದ ಗುಡ್ಡ ಬಹಳ ದೂರದಿಂದಲೇ ಕಾಣುತ್ತದೆ. ಗಾಳಿಯ ಲೆಕ್ಕವನ್ನೂ ಹಾಕಿ. ಚಳಿಗಾಲದಲ್ಲಿ ನಮ್ಮಲ್ಲಿ ಮೂಡಣ ಗಾಳಿ. ಬೆಳಿಗ್ಗೆ ಪೂರ್ವಕ್ಕೆ ಹೋಗುವಾಗ ಎದುರಿಗೆ ಹೊಡೆಯುತ್ತದೆ, ಸುಸ್ತಾಗಿ ಮರಳುವಾಗ ಬೆನ್ನಿಗೆ ಬರುತ್ತದೆ. ಉಲ್ಟಾ ಮಾಡಿಕೊಂಡರೆ ಕೊನೆಯ ಹತ್ತು ಕಿಲೋಮೀಟರ್ ನರಳುತ್ತೀರಿ. ಬೆಳಗಿನ ಹೊತ್ತು ಕಡಲೆ ಹೊಲದ ಅಂಚಿನಲ್ಲಿ ಹೋದರೆ ಕಾಲು ಪೂರ್ತಿ ಒದ್ದೆ. ಕಡಲೆ ಗಿಡದ ಮೇಲಿನ ಇಬ್ಬನಿ ಹುಳಿ, ಮೊಣಕಾಲಿಗೆ ತರಚು ಗಾಯ ಇದ್ದರೆ ಚುರ್ ಅನ್ನುತ್ತದೆ.

ನೀವು ಬಂದ ಸಮಯದಲ್ಲೇ ಎಳ್ಳ ಅಮಾವಾಸ್ಯೆ ಬಿದ್ದರೆ ಆ ದಿನ ಬೇರೆಲ್ಲೂ ಹೋಗಬೇಡಿ. ಡಿಸೆಂಬರ್ ಕೊನೆಗೋ ಜನವರಿ ಮೊದಲಿಗೋ ಬರುತ್ತದೆ. ಊರಿಗೆ ಊರೇ ಚಕ್ಕಡಿ, ಟ್ರ್ಯಾಕ್ಟರ್ ಹತ್ತಿ ಹೊಲಕ್ಕೆ ಬಂದಿರುತ್ತದೆ. ಚರಗ ಚೆಲ್ಲಿ (ಭೂಮಿತಾಯಿಗೆ ಎಡೆಯನ್ನು ಹೊಲದ ತುಂಬ ಎರಚಿ), ಬನ್ನಿ ಮರದ ಕೆಳಗೋ ಜೋಳದ ಸಾಲಿನ ಪಕ್ಕದಲ್ಲೋ ಕೂತು ಉಣ್ಣುತ್ತಾರೆ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. "ಬರ್ರಿ, ಊಟ ಮಾಡ್ರಿ" ಅಂತ ಕರೆದೇ ಕರೆಯುತ್ತಾರೆ. ಬೇಡ ಅನ್ನುವುದು ಮರ್ಯಾದೆಯಲ್ಲ. ಆದರೆ ಎರಡನೇ ಹೊಲದಲ್ಲೂ ಕರೆಯುತ್ತಾರೆ, ಹಾಗಾಗಿ ಮೊದಲನೆಯದರಲ್ಲಿ ಕೈ ಹಿಡಿದು ಉಣ್ಣಿ.

ಇನ್ನು ಕಾಡು. ಧಾರವಾಡದಿಂದ ಕೆಲಗೇರಿ ಕೆರೆ ದಾಟಿ ನಿಗದಿ, ಮುಗದ ಕಡೆಗೆ ತಿರುಗಿದರೆ ಮೊದಲು ಆಪೂಸ್ ಮಾವಿನ ತೋಟ, ಆಮೇಲೆ ಭತ್ತದ ಗದ್ದೆ ಸಿಗುತ್ತವೆ. ಮುಗದದಲ್ಲಿ ಕೃಷಿ ವಿಶ್ವವಿದ್ಯಾಲಯದ ಭತ್ತದ ಸಂಶೋಧನಾ ಕೇಂದ್ರವೂ ಇದೆ. ದಾರಿ ಏರಿಳಿತದ್ದು, ಬೆಳವಲದ ಹಾಗೆ ಕೂತಲ್ಲೇ ತುಳಿಯುವ ಕೆಲಸ ಅಲ್ಲ. ದಕ್ಷಿಣಕ್ಕೆ ಕಲಘಟಗಿ ತಾಲ್ಲೂಕಿನಲ್ಲಿ ದೇವಿಕೊಪ್ಪ, ತಂಬೂರಿನ ಸುತ್ತ ಸಾಗವಾನಿ ಕಾಡು. ಇಲ್ಲಿ ಊರಿಂದೂರಿಗೆ ಹೋಗುವ ದಾರಿ ಬಿಟ್ಟು ಒಳದಾರಿಗೆ ಇಳಿಯಬೇಡಿ. ಅರಣ್ಯ ಇಲಾಖೆಯವರು ತಡೆದರೆ ವಾದ ಮಾಡಬೇಡಿ. ಭತ್ತ ಕೊಯ್ಲಿನ ಹೊತ್ತಿಗೆ ದಾಂಡೇಲಿ ಕಡೆಯಿಂದ ಆನೆ ಬರುವುದೂ ಉಂಟು. ಚಹಾ ಅಂಗಡಿಯಲ್ಲಿ ಕೇಳಿಯೇ ಮುಂದೆ ಹೋಗಿ, ಕತ್ತಲಾಗುವುದರೊಳಗೆ ಹೊರಗೆ ಬನ್ನಿ.

ಒಂದು ಪೂರ್ತಿ ದಿನ ಕೈಯಲ್ಲಿದ್ದರೆ ನಾನು ಗದಗಕ್ಕೆ ಕಳಿಸುತ್ತೇನೆ. ಗದಗದಿಂದ ಡಂಬಳ, ಅಲ್ಲಿಂದ ಡೋಣಿ, ಕಪ್ಪತಗುಡ್ಡ. ಡಂಬಳದ ದೊಡ್ಡಬಸಪ್ಪ ಗುಡಿ ನಕ್ಷತ್ರದ ಆಕಾರದ್ದು, ಗೋಡೆಯ ಮೂಲೆಗಳನ್ನು ಸುತ್ತಿ ನೋಡಲು ಅರ್ಧ ತಾಸು ಇಟ್ಟುಕೊಳ್ಳಿ. ಗುಡ್ಡದ ಆಸುಪಾಸಿನ ದಾರಿಗಳಲ್ಲಿ ನನಗೆ ಇಷ್ಟವಾದವು ಗಾಳಿಯಂತ್ರಕ್ಕಾಗಿ ಮಾಡಿದ ಗರಸಿನ ರಸ್ತೆಗಳು. ಊರಿನವರು ಗಾಳಿಯಂತ್ರವನ್ನು ಫ್ಯಾನ್ ಅನ್ನುತ್ತಾರೆ, "ಫ್ಯಾನಿನ ರಸ್ತೆ ಯಾವ ಕಡೆ" ಅಂತ ಕೇಳಿದರೆ ಸಾಕು. ಅಷ್ಟುದ್ದದ ರೆಕ್ಕೆ ಹೊತ್ತ ಟ್ರೇಲರ್ ತಿರುಗಬೇಕಲ್ವಾ? ಅದಕ್ಕೇ ತಿರುವು ಅಗಲ, ಏರು ನಿಧಾನ. ಸೈಕಲ್ಲಿಗೆ ಹೇಳಿ ಮಾಡಿಸಿದಂತಿದೆ. ಆದರೆ ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ, ಸುಮಾರು 244 ಚದರ ಕಿ.ಮೀ. ಚಿರತೆ, ಕತ್ತೆಕಿರುಬ ಇವೆ. ಕಪ್ಪತ ಮಲ್ಲೇಶ್ವರ ಗುಡಿಗೆ ಹೋಗುವ ಜನರ ದಾರಿಯಲ್ಲಿ ಹೋಗಿ ಬನ್ನಿ, ಉಳಿದ ಕಡೆಗೆ ಅನುಮತಿ ಬೇಕು. ಇಲ್ಲಿನ ಕಲ್ಲು ಚೂಪು, ಟೈರಿನ ಪಕ್ಕದ ಗೋಡೆ ಸೀಳುತ್ತದೆ. ಮರಳುವಾಗ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋದರೆ ಮಧ್ಯ ಏಷ್ಯಾದಿಂದ ಬಂದ ಪಟ್ಟೆತಲೆ ಬಾತುಗಳ ಹಿಂಡು ನೋಡಲು ಸಿಗುತ್ತದೆ. 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿತು.

ಹಾವೇರಿ ಕಡೆ ತುಂಗಾ ಮೇಲ್ದಂಡೆ ಕಾಲುವೆ, ರಾಣೇಬೆನ್ನೂರಿನ ಕೃಷ್ಣಮೃಗ ಧಾಮ, ಹಾನಗಲ್ಲಿನ ಕೆರೆಗಳು ಇವೆ. ಚೆನ್ನಾಗಿಯೇ ಇವೆ, ಆದರೆ ಹುಬ್ಬಳ್ಳಿಯಲ್ಲಿ ಉಳಿದುಕೊಂಡವರಿಗೆ ದೂರ. ಈ ಸಲ ಬಿಡಿ.

ಟೈರ್ 40 ಮಿ.ಮೀ. ಅಗಲ ಇರಲಿ, ಟ್ಯೂಬ್‌ಲೆಸ್ ಆಗಿರಲಿ. ಜಾಲಿ ಮುಳ್ಳಿನ ಮುಂದೆ ಬರೀ ಟ್ಯೂಬು ನಿಲ್ಲುವುದಿಲ್ಲ. ಹೊರಡುವ ಮೊದಲು ಸೀಲೆಂಟ್ (ಸಣ್ಣ ತೂತನ್ನು ಒಳಗಿಂದಲೇ ಮುಚ್ಚುವ ದ್ರವ) ಹೊಸದಾಗಿ ತುಂಬಿಸಿಕೊಂಡೇ ಬನ್ನಿ, ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಸಿಗುವುದಿಲ್ಲ. ಮುಳ್ಳು ಹೊಕ್ಕರೆ ಕೂಡಲೇ ಕೀಳಬೇಡಿ, ನೆರಳಿಗೆ ಹೋಗಿ ತೂತಿಗೆ ತುರುಕುವ ಪ್ಲಗ್ ಕೈಯಲ್ಲಿ ಹಿಡಿದು ಆಮೇಲೆ ಕೀಳಿ.

ನೀರಿಗೆ ಚಿಂತೆಯಿಲ್ಲ. ಹೆಚ್ಚುಕಡಿಮೆ ಪ್ರತಿ ಊರಲ್ಲೂ ಶುದ್ಧ ಕುಡಿಯುವ ನೀರಿನ ಘಟಕ ಇದೆ. ನಾಣ್ಯ ಹಾಕಿದರೆ ಕೊಡಗಟ್ಟಲೆ ನೀರು ಒಮ್ಮೆಲೇ ಸುರಿಯುತ್ತದೆ, ನಿಮ್ಮ ಬಾಟಲಿಗೆ ಅದು ಜಾಸ್ತಿ. ಸುಮ್ನೆ ಪಕ್ಕದಲ್ಲಿ ನಿಲ್ಲಿ. ಕ್ಯಾನ್ ತುಂಬಿಸುತ್ತಿರುವ ಅಕ್ಕನೋ ಅಣ್ಣನೋ "ಕೊಡ್ರಿ ಇಲ್ಲೆ" ಅಂತ ಬಾಟಲಿ ಇಸಿದುಕೊಂಡು ತುಂಬಿಸಿಕೊಡುತ್ತಾರೆ. ಜೊತೆಗೆ ಸೈಕಲ್ ಬೆಲೆ ಕೇಳುತ್ತಾರೆ. ನಿಜ ಹೇಳಿದರೆ "ಇಷ್ಟ ರೊಕ್ಕಕ್ಕ ಮೋಟರ್‌ಸೈಕಲ್ಲೇ ಬರ್ತಿತ್ತಲ್ರೀ" ಅನ್ನುತ್ತಾರೆ. ಅದಕ್ಕೆ ನನ್ನ ಹತ್ತಿರ ಇನ್ನೂ ಸರಿಯಾದ ಉತ್ತರ ಇಲ್ಲ.

ಚಕ್ಕಡಿ ಎದುರಾದರೆ ಇಳಿದು ಬದಿಗೆ ನಿಲ್ಲಿ, ನಿಮ್ಮ ಬಣ್ಣದ ಜೆರ್ಸಿಗೆ ಎತ್ತು ಬೆದರುತ್ತವೆ. ರಸ್ತೆ ಮೇಲೆ ರಾಶಿ ಹಾಕಿದ್ದರೆ ಸುತ್ತಿ ಹೋಗಿ. ಕುರಿ ಹಟ್ಟಿಯ ನಾಯಿ ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯುವ ಬದಲು ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯಿರಿ. ಕುರುಬರು ಒಂದು ಕೂಗು ಹಾಕಿದರೆ ಅದು ತಿರುಗಿ ಹೋಗುತ್ತದೆ.

ಎರಡೇ ದಿನ ಇದ್ದರೆ ಒಂದು ದಿನ ನವಲಗುಂದದ ಕಾಲುವೆ, ಇನ್ನೊಂದು ದಿನ ಕಪ್ಪತಗುಡ್ಡ. ಅರ್ಧ ದಿನ ಮಾತ್ರ ಸಿಕ್ಕಿದರೆ ಧಾರವಾಡದಿಂದ ಮುಗದದವರೆಗೆ ಹೋಗಿ ಬನ್ನಿ. ನೀವು ಹುಬ್ಬಳ್ಳಿಗೆ ಬರುವ ವಾರ ಇಲ್ಲೇ ಒಂದು ಸಾಲು ಬರೆಯಿರಿ, ಕಾಲುವೆಗೆ ನೀರು ಬಿಟ್ಟಿದ್ದಾರಾ, ಮಳೆ ಬಿದ್ದಿದೆಯಾ ಅಂತ ವಿಚಾರಿಸಿ ಹೇಳುತ್ತೇನೆ.