ಅತ್ತೆ ಇದ್ದ ವಾರ ಗುಂಡ ಯಾಕೆ ಗಲೀಜು ಮಾಡಲಿಲ್ಲ?

ಈ ಸಲ ಬಂದ ಪತ್ರಗಳಲ್ಲಿ ಒಂದು ಆಸ್ತಿ ಜಗಳ ಇತ್ತು, ಎರಡು ಮದುವೆ ಸಂಕಟ ಇದ್ದವು. ಎಲ್ಲವನ್ನೂ ಬದಿಗಿಟ್ಟು ನಾಯಿಯ ಉಚ್ಚೆಯ ಪತ್ರ ಎತ್ತಿಕೊಂಡಿದ್ದೇನೆ. ನಗಬೇಡಿ. ಅದನ್ನು ಓದಿದ ರಾತ್ರಿ ಸಿಟ್ಟಿಗೆ ನನಗೆ ನಿದ್ದೆ ಹತ್ತಲಿಲ್ಲ.

ಬರೆದವರು ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯವರು. ಗಂಡ, ಹೆಂಡತಿ ಇಬ್ಬರಿಗೂ ಆಫೀಸು. ಐದನೇ ಮಹಡಿಯಲ್ಲಿ ಬಾಡಿಗೆ ಮನೆ. ಮದುವೆಯಾದ ದಿನದ ಸರ್‌ಪ್ರೈಸ್ ಅಂತ ಗಂಡ ಒಂದು ಶಿಟ್ಜು ಮರಿ ತಂದುಕೊಟ್ಟರು. ಆಗ ಅದಕ್ಕೆ 45 ದಿನ. ಈಗ ನಾಲ್ಕು ತಿಂಗಳು, ಹೆಸರು ಗುಂಡ. ಲಸಿಕೆ ಪೂರ್ತಿ ಆಗುವವರೆಗೆ ಕೆಳಗೆ ಬಿಡಬೇಡಿ ಅಂತ ಡಾಕ್ಟರು ಹೇಳಿದ್ದರಿಂದ ಆನ್‌ಲೈನಿನಲ್ಲಿ ಒಂದು ಕ್ರೇಟು, ಅಂದರೆ ನಾಯಿ ಮಲಗುವ ಬಾಗಿಲಿರುವ ಗೂಡು, ಒಂದು ಕಟ್ಟು ಪಪ್ಪಿ ಪ್ಯಾಡು, ಅಂದರೆ ಮರಿ ಉಚ್ಚೆ ಮಾಡಲು ನೆಲಕ್ಕೆ ಹಾಸುವ ಮೆತ್ತನೆಯ ಹಾಳೆ, ತರಿಸಿದರು. ಇಷ್ಟಾದರೂ ಗುಂಡ ಪ್ಯಾಡ್ ಬಿಟ್ಟು ಉಳಿದ ಎಲ್ಲ ಕಡೆ ಮಾಡುತ್ತಾನೆ. ಬಾತ್‌ರೂಮಿನ ಮುಂದಿನ ಮ್ಯಾಟು, ಮಂಚದ ಪಕ್ಕದ ಕಂಬಳಿ, ದಿವಾನದ ಹಿಂದೆ. ಕ್ರೇಟಿನಲ್ಲಿ ಬಿಟ್ಟು ಹೋದರೆ ಅದರೊಳಗೇ. ಕೆಲಸದವರು 'ಇನ್ನು ಒಂದು ವಾರ ನೋಡ್ತೀನಿ ಅಕ್ಕಾ' ಅಂದಿದ್ದಾರೆ. ಗಂಡ 'ಇದಕ್ಕೆ ಬುದ್ಧಿ ಇಲ್ಲ, ಯಾರಿಗಾದರೂ ಕೊಟ್ಟುಬಿಡು' ಅನ್ನುತ್ತಾರೆ. ಗೌರಿ ಗಣೇಶ ಹಬ್ಬಕ್ಕೆ ಸಾಗರದಿಂದ ಅತ್ತೆ ಬರುತ್ತಾರೆ, ಮಡಿ ಜಾಸ್ತಿ ಇರುವವರು. ಅಷ್ಟರೊಳಗೆ ಗುಂಡನನ್ನು ಕೊಟ್ಟುಬಿಡಲಾ, ಇಟ್ಟುಕೊಳ್ಳಲಾ? ಇದು ಪ್ರಶ್ನೆ.

ಪತ್ರದ ನಡುವೆ ಎಲ್ಲೋ ಒಂದು ಸಾಲು ಇದೆ. ಬರೆದವರು ಅತ್ತೆಯ ಮೇಲಿನ ದೂರು ಅಂತ ಬರೆದದ್ದು. 'ಹಿಂದಿನ ಸಲ ಅತ್ತೆ ಒಂದು ವಾರ ಇದ್ದಾಗ ಪಾಪದ ಮರಿಯನ್ನು ಒಂದು ನಿಮಿಷ ಸುಮ್ನೆ ಇರಲು ಬಿಡಲಿಲ್ಲ, ಎದ್ದರೆ ಸಾಕು, ತಿಂದರೆ ಸಾಕು, ಹೋಗು ಆಚೆ ಅಂತ ಬಾಲ್ಕನಿಗೆ ಅಟ್ಟುತ್ತಲೇ ಇದ್ದರು, ಅದ್ಯಾಕೋ ಆ ವಾರ ಮಾತ್ರ ಅವನು ಮನೆಯೊಳಗೆ ಗಲೀಜು ಮಾಡಲಿಲ್ಲ.'

ಅದ್ಯಾಕೋ ಅಂತೆ!

ತಾಯಿ, ಆ ವಾರ ನಿಮ್ಮ ಮನೆಯಲ್ಲಿ ನಾಯಿಗೆ ತರಬೇತಿ ನಡೆಯುತ್ತಿತ್ತು. ಕೊಡುತ್ತಿದ್ದವರಿಗೂ ಅದು ಗೊತ್ತಿರಲಿಲ್ಲ, ನೋಡುತ್ತಿದ್ದ ನಿಮಗೂ ಗೊತ್ತಾಗಲಿಲ್ಲ. ಮರಿಗಳಿಗೆ ಉಚ್ಚೆ ಬರುವ ಹೊತ್ತು ಇಂಥದ್ದೇ ಅಂತ ಇದೆ. ನಿದ್ದೆಯಿಂದ ಎದ್ದ ಕೂಡಲೇ, ತಿಂದು ಹತ್ತಿಪ್ಪತ್ತು ನಿಮಿಷಕ್ಕೆ, ಕುಣಿದಾಡಿ ದಣಿದ ಮೇಲೆ, ಮನೆಗೆ ಯಾರಾದರೂ ಬಂದು ಖುಷಿ ಉಕ್ಕಿದಾಗ. ಆ ಹೊತ್ತಿಗೆ ಸರಿಯಾಗಿ ಅದನ್ನು ಪ್ಯಾಡಿನ ಹತ್ತಿರ ಮುಟ್ಟಿಸುವುದೇ ಇಡೀ ವಿದ್ಯೆ. ನಿಮ್ಮ ಪ್ಯಾಡು ಇರುವುದು ಬಾಲ್ಕನಿಯಲ್ಲಿ. ಅತ್ತೆ ಅಟ್ಟುತ್ತಿದ್ದದ್ದೂ ಬಾಲ್ಕನಿಗೆ. ಕೊಟ್ಟಿಗೆ ನೋಡಿಕೊಂಡು ಬಂದವರು ಅಂತ ನೀವೇ ಬರೆದಿದ್ದೀರಿ. ಮಲಗಿದ್ದ ಕರು ಎದ್ದರೆ ಮುಂದೆ ಏನಾಗುತ್ತದೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಸಹ್ಯಪಟ್ಟುಕೊಂಡೇ ಅಟ್ಟಿರಬಹುದು. ಆದರೆ ಹೊತ್ತು ತಪ್ಪಲಿಲ್ಲ. ಮುಖ್ಯವಾಗಿ, ಹಗಲಿಡೀ ಅವರು ಮನೆಯಲ್ಲಿದ್ದರು.

ಈ ಅಂಕಣ ಓದುವವರಿಗೆ ನನ್ನ ಎರಡು ಹಠಗಳು ಗೊತ್ತು. ಒಂದು, ಜೀವ ಇರುವುದನ್ನು ಸರ್‌ಪ್ರೈಸ್ ಆಗಿ ಕೊಡಬಾರದು. ಇನ್ನೊಂದು, ಮನೆಯಲ್ಲಿ ಯಾವುದೇ ರಗಳೆ ಇರಲಿ, ಮೊದಲು ಕೇಳಬೇಕಾದದ್ದು ನೆಲ ಒರೆಸುವವರು ಯಾರು ಅಂತ. ಈ ಪತ್ರದಲ್ಲಿ ಬೆಳಿಗ್ಗೆ ಒರೆಸುವವರು ಕೆಲಸದವರು, ಸಂಜೆ ಒರೆಸುವವರು ನೀವು. ನಾಯಿ ತಂದವರು ಒರೆಸಿದ ಮಾತು ಎಲ್ಲೂ ಇಲ್ಲ. ಎರಡು ಸಲ ಓದಿ ನೋಡಿದೆ. ಇಲ್ಲ. ಅವರು ಮಾಡಿದ್ದು ಒಂದೇ. 'ಬುದ್ಧಿ ಬರಲಿ ಅಂತ ಎರಡು ಮೂರು ಸಲ ಮೂತಿಯನ್ನು ಅದರಲ್ಲೇ ಉಜ್ಜಿದರು.'

ನಿದ್ದೆ ಕೆಡಿಸಿದ ಸಾಲು ಇದು.

ಗುಂಡ ಬೇಕಂತಲೇ ದಿವಾನದ ಹಿಂದೆ ಹೋಗಿ ಮಾಡುತ್ತಾನೆ, ಸೇಡು ತೀರಿಸಿಕೊಳ್ಳುತ್ತಾನೆ ಅಂತ ಬರೆದಿದ್ದೀರಲ್ವಾ? ಸೇಡಲ್ಲ ಅದು, ಹೆದರಿಕೆ. ಮೂತಿ ಉಜ್ಜಿಸಿಕೊಂಡ ಮರಿಗೆ 'ಇಲ್ಲಿ ಮಾಡಬಾರದು' ಅನ್ನುವುದು ತಿಳಿಯುವುದಿಲ್ಲ. 'ಇವರ ಕಣ್ಣೆದುರು ಮಾಡಿದರೆ ಉಳಿಗಾಲವಿಲ್ಲ' ಅನ್ನುವುದು ಮಾತ್ರ ತಿಳಿಯುತ್ತದೆ. ಹಾಗಾಗಿ ಅಡಗಿ ಮಾಡುತ್ತದೆ. ಇನ್ನು ನೀವು ಪ್ಯಾಡಿನ ಹತ್ತಿರ ಅರ್ಧ ಗಂಟೆ ಕಾದು ನಿಂತರೂ ಅವನು ನಿಮ್ಮೆದುರು ಮಾಡುವುದಿಲ್ಲ, ನೀವು ಸಾಕಾಗಿ ಒಳಗೆ ಬಂದ ಕೂಡಲೇ ದಿವಾನದ ಹಿಂದಕ್ಕೆ ಓಡುತ್ತಾನೆ, ಆಮೇಲೆ ಯಜಮಾನರು 'ನೋಡು, ಬುದ್ಧಿ ಇಲ್ಲ' ಅನ್ನುತ್ತಾರೆ. ಬುದ್ಧಿ ಇಲ್ಲದ್ದು ಯಾರಿಗೆ ಅಂತ ನಾನು ಬರೆಯುವುದಿಲ್ಲ.

ಅತ್ತೆ ಅಟ್ಟಿದರು, ಆದರೆ ಮೂತಿ ಉಜ್ಜಲಿಲ್ಲ.

ಇನ್ನು ಕ್ರೇಟು. ಬೆಳೆದ ಮೇಲೂ ಆಗಲಿ ಅಂತ ದೊಡ್ಡದೇ ತೆಗೆದುಕೊಂಡಿರಿ. ಮಕ್ಕಳಿಗೆ ಎರಡು ಸೈಜ್ ದೊಡ್ಡ ಯೂನಿಫಾರಂ ಹೊಲಿಸಿದ ಹಾಗೆ. ಮರಿ ತಾನು ಮಲಗುವ ಜಾಗವನ್ನು ಗಲೀಜು ಮಾಡಲು ಒಪ್ಪುವುದಿಲ್ಲ, ಆ ಗುಣ ನಂಬಿಕೊಂಡೇ ಕ್ರೇಟಿನ ಉಪಾಯ ಹುಟ್ಟಿದ್ದು. ಎದ್ದು ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಆದರೆ ಸಾಕು. ಲ್ಯಾಬ್ರಡಾರ್ ಹಿಡಿಯುವ ಪೆಟ್ಟಿಗೆಯಲ್ಲಿ ಮೂರು ಕಿಲೋ ಮರಿ ಬಿಟ್ಟರೆ ಒಂದು ಮೂಲೆ ಬೆಡ್‌ರೂಮು, ಇನ್ನೊಂದು ಮೂಲೆ ಬಚ್ಚಲು. ಅದರ ಮೇಲೆ ನೀವೇ ಒಳಗೆ ಪ್ಯಾಡನ್ನೂ ಹಾಸಿದ್ದೀರಿ! ಹಾಸಿಗೆ ಪಕ್ಕ ಬಚ್ಚಲು ಕಟ್ಟಿಕೊಟ್ಟು, ಅಲ್ಲಿ ಯಾಕೆ ಮಾಡಿದೆ ಅಂತ ಕೇಳಿದರೆ? ತಂತಿಯ ಕ್ರೇಟುಗಳ ಜೊತೆ ಸಾಮಾನ್ಯವಾಗಿ ನಡುವೆ ಸಿಕ್ಕಿಸುವ ಒಂದು ಜಾಲರಿ ಬರುತ್ತದೆ. ಡಬ್ಬದಲ್ಲೇ ಉಳಿದಿರುತ್ತದೆ, ಹುಡುಕಿ ಹಾಕಿ.

ಆದರೆ ಸೈಜಿಗಿಂತ ದೊಡ್ಡ ವಿಷಯ ಗಂಟೆ. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ಹಾಕಿದರೆ ತೆಗೆಯುವುದು ಸಂಜೆ ಆರೂವರೆಗೆ, ಅದೂ ಟ್ರಾಫಿಕ್ ಕಡಿಮೆ ಇದ್ದರೆ. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಕೂಡಿಸಿ, ಹೆಚ್ಚೆಂದರೆ ಅಷ್ಟು ಗಂಟೆ ತಡೆಯಬಲ್ಲದು ಅನ್ನುವುದು ನಾಯಿ ಸಾಕುವವರ ಲೆಕ್ಕ. ನಾಲ್ಕು ತಿಂಗಳಿಗೆ ಐದು ಗಂಟೆ. ಗುಂಡನಂಥ ಪುಟ್ಟ ತಳಿಗೆ ಉಚ್ಚೆಯ ಚೀಲವೂ ಪುಟ್ಟದು, ಅಷ್ಟೂ ಆಗದು. ನೀವು ಒಂಬತ್ತೂವರೆ ಗಂಟೆ ಕೇಳುತ್ತಿದ್ದೀರಿ. ಅವನು ತಡೆದು, ತಡೆದು, ಕೊನೆಗೆ ಆಗದೆ ಮಲಗಿದಲ್ಲೇ ಮಾಡಿಕೊಂಡು, ಅದರಲ್ಲೇ ಕೂತು ನಿಮ್ಮನ್ನು ಕಾಯುತ್ತಾನೆ. ಹೀಗೆ ದಿನಾ ಆದರೆ ಮಲಗುವ ಜಾಗ ಚೊಕ್ಕಟ ಇರಬೇಕು ಅನ್ನುವ ಆ ಹುಟ್ಟುಗುಣವೇ ಸತ್ತುಹೋಗುತ್ತದೆ. ಆಮೇಲೆ ಎಂಥ ತರಬೇತಿದಾರ ಬಂದರೂ ಕಷ್ಟ.

ಮ್ಯಾಟಿನ ವಿಷಯಕ್ಕೆ ನನ್ನ ಮನೆಯ ಕಥೆ ಹೇಳುತ್ತೇನೆ. ಚಿಕ್ಕವಳಿದ್ದಾಗ ನಮ್ಮಲ್ಲಿ ಒಂದು ಪಾಮೆರೇನಿಯನ್ ಇತ್ತು, ಪಿಂಕಿ ಅಂತ. ಆಗ ಪ್ಯಾಡೂ ಇಲ್ಲ ಗೀಡೂ ಇಲ್ಲ, ಹಳೇ ಪೇಪರ್ ಹಾಸುತ್ತಿದ್ದೆವು. ಚೆನ್ನಾಗಿ ಕಲಿತಳು. ಎಷ್ಟು ಚೆನ್ನಾಗಿ ಅಂದರೆ ಒಂದು ಭಾನುವಾರ ಅಪ್ಪ ನೆಲದ ಮೇಲೆ ಪೇಪರ್ ಹರಡಿಕೊಂಡು ಓದುತ್ತಿದ್ದಾಗ ಗಂಭೀರವಾಗಿ ನಡೆದು ಬಂದು ಸಂಪಾದಕೀಯದ ಮೇಲೆ ಕೂತಳು. ಅಪ್ಪ ಕಿರುಚಿದರು, ಅಮ್ಮ ಮಾತ್ರ 'ಹೇಳಿಕೊಟ್ಟದ್ದನ್ನೇ ಮಾಡಿದೆ ಅದು' ಅಂದರು. ನಾಯಿಗೆ ಜಾಗದಷ್ಟೇ ಕಾಲಡಿ ಸಿಗುವ ಸ್ಪರ್ಶವೂ ಗುರುತು. ಗುಂಡ ಕಲಿತದ್ದು 'ಮೆತ್ತಗಿರುವುದರ ಮೇಲೆ ಮಾಡಬೇಕು' ಅಂತ. ಪ್ಯಾಡು ಮೆತ್ತಗಿದೆ, ಬಾತ್‌ರೂಮಿನ ಮ್ಯಾಟೂ ಮೆತ್ತಗಿದೆ. ಅರ್ಧ ಪಾಠ ಅವನಿಗೆ ಬಂದಿದೆ. ಉಳಿದರ್ಧಕ್ಕೆ ಮ್ಯಾಟು, ಕಂಬಳಿ ಎಲ್ಲ ಎತ್ತಿ ಅಟ್ಟಕ್ಕೆ ಹಾಕಿ. ಒಂದೆರಡು ತಿಂಗಳು ಕಾಲು ತಣ್ಣಗಾದರೆ ಏನೂ ಆಗುವುದಿಲ್ಲ.

ಫಿನಾಯಿಲ್ ಸುರಿದೂ ಸುರಿದೂ ತಲೆನೋವು ಅಂದಿದ್ದೀರಿ. ಆ ವಾಸನೆ ನಿಮ್ಮ ಮೂಗಿಗೆ ಮಾತ್ರ ಮುಚ್ಚಳ, ಅವನ ಮೂಗಿಗೆ ಅಡಿಯಲ್ಲಿ ಉಚ್ಚೆಯ ವಾಸನೆ ಹಾಗೇ ಇರುತ್ತದೆ, ಮರುದಿನ ಅದೇ ಜಾಗಕ್ಕೆ ಬರುತ್ತಾನೆ. ಅಮೋನಿಯಾ ಇರುವ ಕ್ಲೀನರ್ ಅಂತೂ ಬೇಡವೇ ಬೇಡ, ಉಚ್ಚೆಯ ವಾಸನೆಯನ್ನೇ ಹೋಲುತ್ತದೆ. ಕಿಣ್ವ ಇರುವ ದ್ರಾವಣ, ಅಂಗಡಿಯಲ್ಲಿ ಎನ್ಜೈಮ್ ಕ್ಲೀನರ್ ಅಂತ ಕೇಳಿ, ಅದು ವಾಸನೆಯ ಮೂಲವನ್ನೇ ಒಡೆಯುತ್ತದೆ. ಒದ್ದೆ ಫಿನಾಯಿಲ್ ಮೇಲೆ ಓಡಾಡಿ ಪಾದ ನೆಕ್ಕುವುದು ಮರಿಗೆ ಒಳ್ಳೆಯದೂ ಅಲ್ಲ.

45 ದಿನಕ್ಕೇ ಮಾರಿದವರ ಬಗ್ಗೆಯೂ ಒಂದು ಮಾತು. ನಾಯಿ ಸಾಕಿ ಮಾರುವವರಿಗೆ ಅಂತ 2017ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಸುಮ್ನೆ ಇಟ್ಟ ನಿಯಮವಲ್ಲ ಅದು. ಮಲಗುವ ಜಾಗ ಬಿಟ್ಟು ದೂರ ಹೋಗಿ ಮಾಡುವುದನ್ನು ಮರಿ ಅಭ್ಯಾಸ ಮಾಡಿಕೊಳ್ಳುವುದು ತಾಯಿಯ ಜೊತೆ ಇರುವ ಆ ವಾರಗಳಲ್ಲೇ. ಗುಂಡನಿಗೆ ಶಾಲೆ ಮುಗಿಯುವ ಮೊದಲೇ ಟಿ.ಸಿ. ಕೊಟ್ಟು ಕಳಿಸಿದ್ದಾರೆ. ಯಜಮಾನರು ಇದನ್ನಾದರೂ ವಿಚಾರಿಸಿ ತರಬಹುದಿತ್ತು.

ಕೊಟ್ಟುಬಿಡಬೇಕಾ ಅಂದರೆ, ಬೇಡ. ಇನ್ನೊಂದು ಮನೆಗೆ ಹೋದರೆ ಇದೇ ಗುಂಡ, ಇದೇ ಹೆದರಿಕೆ, ಹೊಸ ದಿವಾನ.

ನಾನು ಹೇಳುವುದು ಒಂದೇ. ನಿಮ್ಮ ಗಂಡ ಹತ್ತು ದಿನ ರಜೆ ಹಾಕಲಿ. ನೀವಲ್ಲ, ಅವರು. ವರ್ಕ್ ಫ್ರಮ್ ಹೋಮ್ ಸಾಲದು. ಮೀಟಿಂಗಿನಲ್ಲಿರುವಾಗ ಮರಿ ಎದ್ದರೆ ಯಾರೂ ಎದ್ದು ಹೋಗುವುದಿಲ್ಲ, ಎಲ್ಲರಿಗೂ ಗೊತ್ತಿರುವ ವಿಷಯ. ಆ ಹತ್ತು ದಿನ ಅವರು ಮಾಡಬೇಕಾದದ್ದು ಅವರ ಅಮ್ಮ ಮಾಡಿದ್ದನ್ನೇ, ಸ್ವಲ್ಪ ಪ್ರೀತಿಯಿಂದ. ಎದ್ದ ಕೂಡಲೇ ಎತ್ತಿಕೊಂಡು ಪ್ಯಾಡಿಗೆ. ಉಂಡ ಮೇಲೆ ಪ್ಯಾಡಿಗೆ. ಅದಿಲ್ಲದಿದ್ದರೂ ಹಗಲು ಗಂಟೆಗೊಂದು ಸಲ. ಮಾಡಿ ಮುಗಿಸಿದ ಆ ಕ್ಷಣಕ್ಕೇ, ಅಲ್ಲೇ ನಿಂತು, ಕಾಳಿನಷ್ಟು ತಿಂಡಿ ಬಾಯಿಗೆ. ಅಡುಗೆಮನೆಗೆ ಕರೆದು ಕೊಟ್ಟರೆ ಅಡುಗೆಮನೆಗೆ ಬಂದದ್ದಕ್ಕೆ ಬಹುಮಾನ ಅಂದುಕೊಳ್ಳುತ್ತಾನೆ. ಹೊಸ ಪ್ಯಾಡ್ ಹಾಸುವಾಗ ಹಳೆಯದರ ಒದ್ದೆ ತುಂಡೊಂದನ್ನು ಮೇಲಿಟ್ಟರೆ ವಾಸನೆಯೇ ದಾರಿ ತೋರಿಸುತ್ತದೆ. ಉಳಿದ ಹೊತ್ತು ಉದ್ದನೆಯ ದಾರ ಕಟ್ಟಿ ಅದರ ಇನ್ನೊಂದು ತುದಿಯನ್ನು ಅವರ ಸೊಂಟಕ್ಕೆ ಸಿಕ್ಕಿಸಿಕೊಳ್ಳಲಿ, ದಿವಾನದ ಹಿಂದೆ ಹೋಗಲು ಬಿಟ್ಟರಲ್ಲವೇ ಹೋಗುವುದು. ತಪ್ಪಿ ಎಲ್ಲಾದರೂ ಮಾಡಿದರೆ ಒಂದು ಮಾತೂ ಆಡದೆ ಒರೆಸಲಿ. ಅವರೇ ಒರೆಸಲಿ.

ಕ್ರೇಟು ಆ ದಿನಗಳಲ್ಲಿ ಚಿಕ್ಕ ನಿದ್ದೆಗೆ ಮತ್ತು ರಾತ್ರಿಗೆ ಮಾತ್ರ. ಊಟ ಅದರೊಳಗೇ ಕೊಡಿ, ಬಾಗಿಲು ತೆರೆದಿಟ್ಟೇ. ತಾನಾಗಿ ಒಳಗೆ ಹೋಗಿ ಬೀಳುವ ಹಾಗಾದ ಮೇಲೆ ಐದು ನಿಮಿಷ, ಹತ್ತು ನಿಮಿಷ ಬಾಗಿಲು ಹಾಕಿ ನೋಡಿ. ಬೈದು ಒಳಗೆ ತಳ್ಳಿದರೆ ಅದು ಜೈಲೇ. ರಾತ್ರಿ ಒಂದು ಸಲ ಏಳಬೇಕಾಗುತ್ತದೆ. ಯಾರು ಅಂತ ಹೇಳಬೇಕಾ?

ಹತ್ತು ದಿನಕ್ಕೆ ಗುಂಡ ಪದವೀಧರನಾಗುತ್ತಾನೆ ಅಂತ ನಾನು ಹೇಳುತ್ತಿಲ್ಲ. ಪುಟ್ಟ ತಳಿಗಳು ಪೂರ್ತಿ ನಂಬುವಂತಾಗಲು ಒಂದು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ಆದರೆ ದಾರಿ ಬೀಳುತ್ತದೆ. ರಜೆ ಮುಗಿದ ಮೇಲೆ ಕ್ರೇಟಿನ ಬಾಗಿಲು ತೆಗೆದಿಟ್ಟು ಸುತ್ತ ಮಡಚುವ ಬೇಲಿ ಹಾಕಿ, ಒಂದು ತುದಿಗೆ ಹಾಸಿಗೆ, ದೂರದ ತುದಿಗೆ ಪ್ಯಾಡು. ಮಧ್ಯಾಹ್ನ ಒಬ್ಬರು ಬಂದು ನೋಡಲೇಬೇಕು. ಕೆಲಸದವರು ಒಪ್ಪಿದರೆ ಬೇರೆಯಾಗಿ, ಕೈತುಂಬ ದುಡ್ಡು ಕೊಡಿ, ಇದೂ ನಿಮ್ಮ ಕೆಲಸವೇ ಅಂತ ಸೇರಿಸಬೇಡಿ. ಇಷ್ಟೆಲ್ಲ ಮಾಡಿಯೂ ಗಳಿಗೆಗೊಂದು ಸಲ ಹನಿಹನಿ ಮಾಡುತ್ತಿದ್ದರೆ ಅಥವಾ ರಕ್ತ ಕಂಡರೆ ಅದು ಶಿಸ್ತಿನ ವಿಷಯವಲ್ಲ, ಸೋಂಕು ಇರಬಹುದು, ಡಾಕ್ಟರ ಹತ್ತಿರ ಹೋಗಿ. ಲಸಿಕೆ ಮುಗಿದು ಡಾಕ್ಟರು ಹೂಂ ಅಂದ ಮೇಲೆ ಕೆಳಗೂ ಕರೆದುಕೊಂಡು ಹೋಗಿ. ಲಿಫ್ಟಿನಲ್ಲಿ ನಾಯಿ ತರಬಾರದು ಅಂತ ಅಸೋಸಿಯೇಶನ್ನಿನವರು ಬೋರ್ಡು ಹಾಕಿದ್ದಾರೆ ಅಂದಿರಲ್ಲ, ಹಾಗೆ ತಡೆಯುವಂತಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಅದರ ಪ್ರತಿ ತೋರಿಸಿ, ಜಗಳ ಬೇಡ.

ಅತ್ತೆಗೆ ಈಗಲೇ ಫೋನ್ ಮಾಡಿ. ಹಬ್ಬಕ್ಕೆ ಎರಡು ದಿನ ಮೊದಲೇ ಬನ್ನಿ ಅನ್ನಿ. ದೇವರ ಕೋಣೆಯ ಕಡೆ ಗುಂಡ ಬರದ ಹಾಗೆ ಆ ಬೇಲಿ ಅಡ್ಡ ಇಟ್ಟರೆ ಅವರ ಮಡಿಗೂ ಭಂಗವಿಲ್ಲ. ಹೋದ ಸಲ ಎಷ್ಟು ಹೊತ್ತಿಗೊಮ್ಮೆ ಬಾಲ್ಕನಿಗೆ ಅಟ್ಟುತ್ತಿದ್ದಿರಿ ಅಂತಲೂ ಕೇಳಿ, ಬರೆದಿಟ್ಟುಕೊಳ್ಳಿ.

ಹನ್ನೊಂದನೇ ದಿನ ಏನಾಯಿತು ಅಂತ ನನಗೊಂದು ಪತ್ರ ಬೇಕು. ನೀವು ಬರೆಯಬೇಡಿ, ನಿಮ್ಮ ಯಜಮಾನರೇ ಬರೆಯಲಿ.