ಯಾವ ಕೆಲಸದ ಮೇಲೂ ಮನಸ್ಸಿಲ್ಲ, ಏನು ಮಾಡಲಿ?

ಪ್ರಶ್ನೆ: ನಾನು ಡಿಗ್ರಿ ಕೊನೇ ವರ್ಷದಲ್ಲಿದ್ದೇನೆ. ಗೆಳತಿಯರೆಲ್ಲ ತಮ್ಮ ಪ್ಯಾಷನ್ ಏನು ಅಂತ ಪಟಪಟನೆ ಹೇಳುತ್ತಾರೆ. ನನಗೆ ಅಂಥದ್ದೇನೂ ಇಲ್ಲ. ಸಿಕ್ಕ ಕೆಲಸಕ್ಕೆ ಸೇರಿ ಜೀವನಪೂರ್ತಿ ಕೊರಗಬೇಕಾದೀತು ಅನ್ನುವ ಭಯ. ಅಪ್ಪ ಮಾತ್ರ ‘ಇಷ್ಟ ಕಟ್ಕೊಂಡ್ರೆ ಹೊಟ್ಟೆ ತುಂಬುತ್ತಾ?’ ಅನ್ನುತ್ತಾರೆ.

ಉತ್ತರ: ಹೊಸಬರನ್ನು ಕೆಲಸಕ್ಕೆ ಆರಿಸುವುದೇ ನನ್ನ ಕೆಲಸ. ಆದ್ದರಿಂದ ಒಂದು ಗುಟ್ಟು ಹೇಳುತ್ತೇನೆ. ನಿಮ್ಮ ಗೆಳತಿಯರ ಆ ಪಟಪಟ ಉತ್ತರ ನಮಗೆ ದಿನವೂ ಸಿಗುತ್ತದೆ, ಅದೂ ಬಾಯಿಪಾಠವಾಗಿ. ಹಾಗಾಗಿ ‘ನಿಮ್ಮ ಪ್ಯಾಷನ್ ಏನು?’ ಅಂತ ಕೇಳುವುದನ್ನೇ ಬಿಟ್ಟಿದ್ದೇನೆ. ಬದಲಿಗೆ, ‘ಈ ಕೆಲಸಕ್ಕೆ ಸೇರಿದ ಮೇಲೆ ಬೆಳಿಗ್ಗೆ ಬಂದು ಕೂತು ಮೊದಲು ಏನು ಮಾಡ್ತೀರಿ?’ ಅಂತ ಕೇಳುತ್ತೇನೆ. ಮಾರ್ಕೆಟಿಂಗೇ ನನ್ನ ಉಸಿರು ಅಂದಿದ್ದ ಹುಡುಗನೊಬ್ಬ ‘ಹೊಸ ಐಡಿಯಾ...’ ಅಂತ ಶುರುಮಾಡಿ ಅಲ್ಲೇ ನಿಂತ. ನಿನ್ನೆಯ ಲೆಕ್ಕ ಎಕ್ಸೆಲ್‌ಗೆ ತುಂಬುವುದು, ಉತ್ತರ ಬಾರದ ಇಮೇಲ್‌ಗಳಿಗೆ ಮತ್ತೆ ಬರೆಯುವುದು, ಫೋನ್ ಎತ್ತದವರಿಗೆ ಮತ್ತೆ ಫೋನ್ ಮಾಡುವುದು ಅಂತ ನಾನೇ ಹೇಳಿದೆ. ಮುಖ ಸಪ್ಪಗಾಯಿತು. ಪಾಪ, ಇದನ್ನು ಅವನಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

ಪ್ಯಾಷನ್ ಎಲ್ಲೋ ಅಡಗಿ ಕೂತಿದೆ, ಹುಡುಕಿದರೆ ಸಾಕು ಅಂತ ನಂಬಿದವರಿಗೇ ಕಷ್ಟ ಜಾಸ್ತಿ. ಮನಶ್ಶಾಸ್ತ್ರಜ್ಞರಾದ ಪಾಲ್ ಒಕೀಫ್, ಕ್ಯಾರಲ್ ಡ್ವೆಕ್ ಮತ್ತು ಗ್ರೆಗ್ ವಾಲ್ಟನ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಒಂದು ಪ್ರಯೋಗ ನನಗೆ ಬಹಳ ಹಿಡಿಸಿತು. ಬಾಹ್ಯಾಕಾಶದ ಕಪ್ಪುಕುಳಿಗಳ (ಬ್ಲ್ಯಾಕ್ ಹೋಲ್) ಬಗ್ಗೆ ಒಂದು ಚೆಂದದ ವಿಡಿಯೊ ತೋರಿಸಿದರು. ಜನ ಖುಷಿಪಟ್ಟರು. ಆಮೇಲೆ ಅದೇ ವಿಷಯದ ಕ್ಲಿಷ್ಟ ಲೇಖನ ಓದಲು ಕೊಟ್ಟರು. ಆಸಕ್ತಿ ಹುಟ್ಟಿನಿಂದಲೇ ಬರುತ್ತದೆ ಅಂದುಕೊಂಡವರ ಉತ್ಸಾಹ ಹೆಚ್ಚು ಕುಸಿಯಿತು. ಆಸಕ್ತಿ ಬೆಳೆಸಿಕೊಳ್ಳುವಂಥದ್ದು ಅಂದುಕೊಂಡವರು ಅಷ್ಟು ಬೇಗ ಕೈಬಿಡಲಿಲ್ಲ. ಹಾಗಾಗಿ ಈಗಲೇ ಏನೂ ಇಲ್ಲ ಅಂತ ನೀವು ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಅಪ್ಪನ ಮಾತು ಅರ್ಧ ಸರಿ. ಜನ ತಮ್ಮ ಕೆಲಸವನ್ನು ಹೇಗೆ ಕಾಣುತ್ತಾರೆ ಅಂತ ಸಂಶೋಧಕಿ ಏಮಿ ರೆಜ್ನೆಸ್ಕಿ ಮತ್ತು ಸಂಗಡಿಗರು ನಡೆಸಿದ 1997ರ ಅಧ್ಯಯನದಲ್ಲಿ ಕಾಲೇಜು ಆಫೀಸುಗಳ 24 ಸಹಾಯಕರಿದ್ದರು. ಎಲ್ಲರದೂ ಹೆಚ್ಚುಕಡಿಮೆ ಒಂದೇ ಕೆಲಸ. ಆದರೂ ಕೆಲವರಿಗೆ ಅದು ಬರೀ ಸಂಬಳ, ಕೆಲವರಿಗೆ ಮೇಲೇರುವ ಮೆಟ್ಟಿಲು, ಇನ್ನು ಕೆಲವರಿಗೆ ಬದುಕಿನ ಭಾಗ. ಮೂರೂ ಗುಂಪು ಸುಮಾರು ಸಮವಾಗಿದ್ದವು. ಸಂಬಳಕ್ಕೆ ದುಡಿಯುವುದರಲ್ಲಿ ಅವಮಾನವೇನೂ ಇಲ್ಲ, ಅಲ್ವಾ? ಸಂಜೆ ಮನೆಗೆ ಬಂದು ಇಷ್ಟದ ಕೆಲಸ ಮಾಡಿಕೊಳ್ಳುವವರೂ ಇದ್ದಾರೆ.

ಈಗ ನೀವು ಮಾಡಬೇಕಾದದ್ದು: ನಿಮಗೆ ಸಿಗಬಹುದಾದ ಕೆಲಸದಲ್ಲಿ ಎರಡು ಮೂರು ವರ್ಷದಿಂದ ಇರುವವರನ್ನು ಹಿಡಿಯಿರಿ. ದೊಡ್ಡ ಹುದ್ದೆಯವರು ಬೇಡ, ಅವರಿಗೆ ಮೊದಲ ವರ್ಷ ಮರೆತೇ ಹೋಗಿರುತ್ತದೆ. ದಿನದಲ್ಲಿ ಬೇಸರದ ಭಾಗ ಯಾವುದು, ಅದು ಎಷ್ಟು ಹೊತ್ತು ಅಂತ ಕೇಳಿ. ಆ ಬೇಸರ ಸಹಿಸಬಲ್ಲಿರಾದರೆ ಸೇರಿ, ಒಂದು ವರ್ಷ ನೋಡಿ.

ಪ್ರಶ್ನೆ: ಇಂಟರ್‌ವ್ಯೂನಲ್ಲಿ ಸಂಬಳದ ವಿಷಯ ನಾವೇ ಎತ್ತಬಹುದಾ?

ಉತ್ತರ: ಧಾರಾಳವಾಗಿ. ಅದೇ ಮೊದಲ ಪ್ರಶ್ನೆ ಆಗದಿದ್ದರೆ ಸಾಕು. ಜೊತೆಗೆ, ‘ಈ ಜಾಗದಲ್ಲಿ ಮೊದಲು ಇದ್ದವರು ಈಗ ಏನು ಮಾಡ್ತಿದ್ದಾರೆ?’ ಅಂತಲೂ ಕೇಳಿ. ಬಡ್ತಿ ಸಿಕ್ಕಿತೋ, ಬೇಸತ್ತು ಬಿಟ್ಟು ಹೋದರೋ ಅನ್ನುವುದು ಇಂಟರ್‌ವ್ಯೂ ಮಾಡುವವರು ಉತ್ತರಿಸುವ ರೀತಿಯಲ್ಲೇ ಗೊತ್ತಾಗುತ್ತದೆ.